ಕೃಪಾಪೋಷಿತ

ಸುಗ್ಗಿ ಮುಗಿದು ಹಬ್ಬ ಜಾತ್ರೆಗಳ ಕಾಲ ಬಂತೆಂದರೆ ಮದ್ದೂರಿಗೆ ಅಂಟಿಕೊಂಡಿರುವ ಶಿವಪುರದ ಗೋಡೆ, ಲೈಟುಕಂಬ, ಕಾಫಿ ಹೋಟೆಲಿನ ಬಾಗಿಲು ಎಲ್ಲದರ ಮೇಲೂ ಗುಲಾಬಿ, ಹಳದಿ ಬಣ್ಣದ ಕರಪತ್ರಗಳು ಮೆತ್ತಿಕೊಳ್ಳುತ್ತವೆ. ಮೇಲ್ಗಡೆ ಗಣಪತಿ. ಅವನ ಕೆಳಗೆ ಯಾವುದೋ ಊರಿನ ದೇವರ ಹೆಸರು, ಆ ಹೆಸರಿನ ಬಾಲಕ್ಕೆ ‘ಕೃಪಾಪೋಷಿತ ನಾಟಕ ಮಂಡಳಿ’. ಆಮೇಲೆ ದಪ್ಪಕ್ಷರದಲ್ಲಿ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’. ಉಳಿದ ಕಾಗದವೆಲ್ಲ ಹೆಸರುಗಳು. ದಿವ್ಯ ಸಾನ್ನಿಧ್ಯ ಯಾರದು, ಉದ್ಘಾಟನೆ ಯಾರದು, ಜ್ಯೋತಿ ಬೆಳಗಿಸುವವರು ಯಾರು, ಘನ ಉಪಸ್ಥಿತಿ ಯಾರದು. ಹಾಲಿ ಶಾಸಕರು, ಮಾಜಿ ಶಾಸಕರು, ಮುಂದೆ ಶಾಸಕರಾಗಬೇಕೆಂದಿರುವ ಸಮಾಜಸೇವಕರು. ಎಲ್ಲರೂ ಮುಗಿದ ಮೇಲೆ ತಳದಲ್ಲಿ, ಭೂತಗನ್ನಡಿ ಇಟ್ಟು ಓದಬೇಕಾದ ಅಕ್ಷರದಲ್ಲಿ, ಪಾತ್ರಧಾರಿಗಳ ಪಟ್ಟಿ.

ನಾಟಕಕ್ಕೆ ದುಡ್ಡು ಹಾಕಿದವರು ಯಾರು ಎಂದು ಹೊರಗಿನವರು ಕೇಳಿದರೆ ನಾವು ಆ ಭೂತಗನ್ನಡಿ ಸಾಲನ್ನೇ ತೋರಿಸಬೇಕು. ಬೆಂಗಳೂರಿನ ನನ್ನ ಸ್ನೇಹಿತರಿಗೆ ಇದನ್ನು ನಂಬಿಸುವುದು ಕಷ್ಟ. ನಟನಿಗೆ ಸಂಭಾವನೆ ಕೊಡುವುದನ್ನು ಅವರು ಕೇಳಿದ್ದಾರೆ, ಕೊಡದೆ ಸತಾಯಿಸುವುದನ್ನೂ ಕೇಳಿದ್ದಾರೆ. ನಟನೇ ಹಣ ಕಟ್ಟಿ ಬಣ್ಣ ಹಚ್ಚುವುದು ಅವರ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಕಡೆ ಅದೇ ಪದ್ಧತಿ. ಹಾರ್ಮೋನಿಯಂ ಮೇಷ್ಟ್ರು ಊರಿಗೆ ಬಂದು ಕೂತರು ಎಂದರೆ ಮೊದಲು ತೆಗೆಯುವುದು ನಾಟಕದ ಪುಸ್ತಕವನ್ನಲ್ಲ, ನೋಟ್‌ಬುಕ್ಕನ್ನು. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಭೀಮ ಅರ್ಜುನರಿಗೆ ಸ್ವಲ್ಪ ಕಮ್ಮಿ, ವಿದುರ ಸಂಜಯರಿಗೆ ಇನ್ನೂ ಕಮ್ಮಿ. ಕಂದ ಪದ್ಯ ಹೆಚ್ಚಿದ್ದಷ್ಟೂ ಪಾತ್ರಕ್ಕೆ ರೇಟು ಹೆಚ್ಚು. ಆ ಹಣದಲ್ಲಿ ಸೀನರಿ, ಡ್ರೆಸ್ಸು, ಮೈಕು, ತಬಲದವರು, ಕ್ಯಾಸಿಯೋದವರು, ಮೇಷ್ಟ್ರ ಸಂಬಳ, ತಿಂಗಳುಗಟ್ಟಲೆ ಪ್ರಾಕ್ಟೀಸಿನ ಕಾಫಿ ಬೀಡಿ ಎಲ್ಲ ನಡೆಯಬೇಕು. ದ್ರೌಪದಿ, ಕುಂತಿ, ಉತ್ತರೆಯರನ್ನು ಮಾತ್ರ ಸಂಬಳ ಕೊಟ್ಟು ಕರೆಸುತ್ತಾರೆ. ಇಡೀ ರಂಗದ ಮೇಲೆ ಕಸುಬುದಾರರು ಎಂದರೆ ಆ ಹೆಣ್ಣುಮಕ್ಕಳು ಮಾತ್ರ. ಮಿಕ್ಕವರೆಲ್ಲ ಒಂದು ರಾತ್ರಿಯ ಮಟ್ಟಿಗೆ ತಮ್ಮನ್ನು ತಾವೇ ಸಾಕಿಕೊಂಡ ರಾಜರು.

ನನ್ನ ಸೋದರಮಾವ ಕರ್ಣ ಆಗಬೇಕೆಂದು ಹಸು ಮಾರಿದವರು. ಅದು ಕರೆಯುವ ಹಸು, ಡೈರಿಗೆ ಹಾಲು ಹಾಕುತ್ತಿದ್ದ ಹಸು. ಅತ್ತೆ ಈಗಲೂ ಯಾರಾದರೂ ನೆಂಟರು ಬಂದರೆ ಆ ಕಥೆ ತೆಗೆಯದೆ ಎಲೆ ಹಾಕುವುದಿಲ್ಲ. “ಹಸ ಮಾರ್ಬುಟ್ಟು ದಾನಶೂರ ಆದ್ರು ಕಣಪ್ಪ. ತಲೆ ಮೇಲಿದ್ದ ಕಿರೀಟನೂ ಬಾಡ್ಗೇದು.” ಮಾವ ಅದಕ್ಕೆ ಎಂದೂ ಉತ್ತರ ಕೊಟ್ಟವರಲ್ಲ. ಮೀಸೆಯ ಒಂದು ತುದಿಯನ್ನು ಮುಟ್ಟಿಕೊಂಡು ಮಜ್ಜಿಗೆ ಬಡಿಸಲು ಹೇಳುತ್ತಾರೆ.

ಆ ರಾತ್ರಿ ನಾನು ಚಿಕ್ಕವನು, ಚಾಪೆ ಹಾಸಿಕೊಂಡು ಮುಂದೆಯೇ ಕೂತಿದ್ದೆ. ಬೆಳಗಿನ ಜಾವ ಕರ್ಣನ ರಥದ ಚಕ್ರ ಹೂತು, ಅರ್ಜುನ ಬಾಣ ಬಿಟ್ಟು, ಮಾವ ಬಿದ್ದರು. ಬಿದ್ದವರು ಒಂದು ಪದ್ಯ ಹಾಡಿದರು. ಹಾಡು ಅರ್ಧಕ್ಕೆ ಬಂದಿದೆ, ಅಷ್ಟರಲ್ಲಿ ನೆಂಟರಲ್ಲಿ ಒಬ್ಬರು ಹತ್ತು ರೂಪಾಯಿ ನೋಟುಗಳನ್ನು ಪೋಣಿಸಿದ ಹಾರ ಹಿಡಿದುಕೊಂಡು ಸ್ಟೇಜು ಹತ್ತಿಬಿಟ್ಟರು. ಹಾರ್ಮೋನಿಯಂ ನಿಂತಿತು. ಸಾಯುತ್ತಿದ್ದ ಕರ್ಣ ಎದ್ದು ಕೂತು, ಕಿರೀಟ ಸರಿಮಾಡಿಕೊಂಡು, ಕೊರಳು ಬಗ್ಗಿಸಿದರು. ಇಂಥ ಊರಿನ ಇಂಥವರು ಕಲಾವಿದರನ್ನು ಪ್ರೋತ್ಸಾಹಿಸಿದ್ದಾರೆ, ಅವರಿಗೆ ಮಂಡಳಿಯ ಪರವಾಗಿ ವಂದನೆಗಳು ಎಂದು ಮೈಕಿನಲ್ಲಿ ಕೂಗಿದರು. ಕೃಷ್ಣ ಚಪ್ಪಾಳೆ ತಟ್ಟಿದ. ಆಮೇಲೆ ಕರ್ಣ ಹಾರ ಕೆಡದ ಹಾಗೆ ನೋಡಿಕೊಂಡು ಮತ್ತೆ ಮಲಗಿ, ಬಿಟ್ಟ ಜಾಗದಿಂದ ಪದ್ಯ ಎತ್ತಿಕೊಂಡು ಸತ್ತರು. ಹಾರ ಹಾಕಿದವರ ಮಗಳ ಮದುವೆಗೆ ಮುಂದಿನ ವರ್ಷ ಮಾವ ಅಷ್ಟೇ ಮೊತ್ತದ ಮುಯ್ಯಿ ಮಾಡಿದರು ಎನ್ನುವುದನ್ನು ಅತ್ತೆ ನೆನಪಿಟ್ಟುಕೊಂಡಿದ್ದಾರೆ.

ಹೀಗೆ ದೇವರು ಹೆಸರು ಕೊಡುತ್ತಾನೆ, ದೊಡ್ಡವರು ಉಪಸ್ಥಿತಿ ಕೊಡುತ್ತಾರೆ, ದುಡ್ಡು ಕೊಡುವವನು ಬಣ್ಣ ಹಚ್ಚುವವನು. ಆದರೂ ಕರಪತ್ರದಲ್ಲಿ ಯಾರೊಬ್ಬರೂ ‘ಸ್ವಂತ ಖರ್ಚಿನ ನಾಟಕ ಮಂಡಳಿ’ ಎಂದು ಹಾಕಿಸುವುದಿಲ್ಲ. ಮೇಲೆ ಒಬ್ಬ ಪೋಷಕ ಇರಲೇಬೇಕು. ಇಲ್ಲದಿದ್ದರೆ ನಾಟಕ ಅನಾಥವಾಗಿ ಕಾಣುತ್ತದೆ.

ಈ ಒಕ್ಕಣೆಯನ್ನು ನಮ್ಮೂರಿನವರು ದೊಡ್ಡ ಕಂಪನಿಗಳಿಂದ ಕಲಿತಿರಬೇಕು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಪೂರ್ಣ ಹೆಸರೇ ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಅದೇ ಕಾಲದಲ್ಲಿ ಮೈಸೂರಿನಲ್ಲಿ ಅರಮನೆಯ ಕಂಪನಿ ಇತ್ತು, ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ. ಅದಕ್ಕೆ ದೊರೆಯೇ ಪೋಷಕ, ಬಸವಪ್ಪ ಶಾಸ್ತ್ರಿಗಳಂಥ ಆಸ್ಥಾನ ಕವಿಗಳೇ ನಾಟಕಕಾರರು. ಗುಬ್ಬಿಯವರಿಗೆ ದೊರೆ ಇರಲಿಲ್ಲ, ಟಿಕೆಟ್ ಕೊಳ್ಳುವ ಜನ ಇದ್ದರು. ಅವರು ದೇವರ ಹೆಸರು ಹಾಕಿಕೊಂಡು ಊರೂರು ತಿರುಗಿದರು, ಗುಬ್ಬಿ ವೀರಣ್ಣನವರ ಕೈಯಲ್ಲಿ ಕಂಪನಿ ನಾಡಿನ ಮನೆಮಾತಾಯಿತು. ನಾಲ್ಕಾಣೆ ಕೊಟ್ಟು ನೆಲದ ಮೇಲೆ ಕೂರುತ್ತಿದ್ದವನು ತನ್ನನ್ನು ಕಲಾಪೋಷಕ ಎಂದುಕೊಂಡಿರಲಾರ. ಚೆನ್ನಾಗಿಲ್ಲದಿದ್ದರೆ ಎದ್ದು ಹೋಗುತ್ತಿದ್ದ, ಅಷ್ಟೆ. ಅರಮನೆ ನಾಟಕದಲ್ಲಿ ಹಾಗೆ ಏಳಲಾಗುತ್ತಿತ್ತೇ!

ನಮ್ಮ ತಾಲ್ಲೂಕಿನಲ್ಲಿ ಪೋಷಣೆಗೆ ಇದಕ್ಕಿಂತ ಬಹಳ ಹಳೆಯ ಸಾಕ್ಷಿ ಒಂದಿದೆ. ಅದು ಆತಕೂರಿನ ಶಾಸನ, ಕ್ರಿ.ಶ. 949-50ರದು. ಕಲ್ಲನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಎಷ್ಟೋ ಕಾಲವಾಯಿತು. ಶಾಲೆ ಮಕ್ಕಳ ಪ್ರವಾಸದ ಸಾಲು ಅದರ ಮುಂದೆ ನಿಲ್ಲುವುದು ಒಂದೇ ಕಾರಣಕ್ಕೆ: ಕಲ್ಲಿನ ಮೇಲೆ ಒಂದು ನಾಯಿ ಒಂದು ಹಂದಿಯ ಮೇಲೆ ಬಿದ್ದಿರುವ ಚಿತ್ರ ಇದೆ.

ಕಥೆ ಹೀಗಿದೆ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಚೋಳರ ಮೇಲೆ ಯುದ್ಧಕ್ಕೆ ಹೋದ. ಅವನ ಕಡೆಗೆ ಗಂಗರ ಇಮ್ಮಡಿ ಬೂತುಗ ನಿಂತ. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಸತ್ತ, ಕೊಂದವನು ಬೂತುಗ. ಕೃಷ್ಣ ಮೆಚ್ಚಿ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಮೊದಲಾದ ಸೀಮೆಗಳನ್ನೇ ಕೊಟ್ಟುಬಿಟ್ಟ. ಬೂತುಗನ ಕೈಕೆಳಗೆ ಮಣಲೇರ ಎಂಬ ವೀರನಿದ್ದ. ಅವನ ಕಾದಾಟ ಕಂಡು ಬೂತುಗ, ನಿನಗೆ ಬೇಕಾದ್ದು ಕೇಳಿಕೋ ಎಂದ. ಮಣಲೇರ ಕೇಳಿದ್ದು ಬೂತುಗನ ನಾಯಿಯನ್ನು. ಕಾಳಿ ಅದರ ಹೆಸರು.

ದೊರೆ ಬೇಡು ಎಂದಾಗ ಮನುಷ್ಯ ಏನು ಬೇಡುತ್ತಾನೆ ಎನ್ನುವುದರಲ್ಲಿ ಅವನ ಜಾತಕವೇ ಇರುತ್ತದೆ. ಮಣಲೇರನದು ವಿನಯ, ಅವನಿಗೆ ಆಸೆಯಿಲ್ಲ ಎಂದು ಕೆಲವರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಸೀಮೆ ಕೊಡುವುದು ದೊರೆಗೆ ಸುಲಭ. ಅಲ್ಲಿ ಉಳುವವರು ಬೇರೆ, ತೆರಿಗೆ ಕಟ್ಟುವವರು ಬೇರೆ, ದೊರೆಯ ಊಟದ ಹೊತ್ತಿಗೆ ಅದರಿಂದ ಏನೂ ಕಮ್ಮಿಯಾಗದು. ತಾನೇ ಸಾಕಿದ, ಬೇಟೆಗೆ ಜೊತೆ ಬರುವ, ಬಾಗಿಲಲ್ಲಿ ಬಾಲ ಆಡಿಸುವ ನಾಯಿಯನ್ನು ಕೊಡುವುದು ಕಷ್ಟ. ಮಣಲೇರ ದೊರೆಯ ಬೊಕ್ಕಸವನ್ನು ಕೇಳದೆ ದೊರೆಯನ್ನೇ ಸ್ವಲ್ಪ ಕೇಳಿದ. ಬೂತುಗನೂ ಗಟ್ಟಿ ಮನುಷ್ಯ, ನಾಯಿಯನ್ನು ಕೊಟ್ಟ. ಜೊತೆಗೆ ಆತಕೂರು ಸೇರಿದಂತೆ ಊರುಗಳನ್ನೂ ಕೊಟ್ಟ.

ಆಮೇಲೆ ಬೇಳತೂರಿನ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರನ ಗುಡಿ ಮುಂದೆ ಕಲ್ಲು ನಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಭೂಮಿ ಅನುಭವಿಸುವ ಗೊರವ, ಅಂದರೆ ಗುಡಿಯ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದು ಅದರಲ್ಲಿ ಕೆತ್ತಿಸಿದ್ದಾನೆ. ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ಭಂಟನಿಗೆ, ಭಂಟನಿಂದ ನಾಯಿಗೆ ಇಳಿದ ಕೃಪೆ ಕಡೆಗೆ ಗುಡಿಯ ಗೊರವನ ತಟ್ಟೆ ತಲುಪಿತು. ಅವನು ದಿನಾ ಅನ್ನ ಉಣ್ಣುತ್ತಿದ್ದುದು ಸತ್ತ ನಾಯಿಯ ಲೆಕ್ಕದಲ್ಲಿ. ಕರಪತ್ರ ಅಚ್ಚು ಹಾಕಿಸುವ ಕಾಲವಾಗಿದ್ದರೆ ಅವನೂ ‘ಶ್ರೀ ಕಾಳಿ ಕೃಪಾಪೋಷಿತ’ ಎಂದು ಹಾಕಿಸಿಕೊಳ್ಳಬೇಕಾಗಿತ್ತು.

ದೊರೆ ಎಂದರೆ ನಮ್ಮ ಕಡೆ ಈಗಲೂ ನಾಲ್ವಡಿ ಕೃಷ್ಣರಾಜ ಒಡೆಯರೇ. ಮಂಡ್ಯ, ಮದ್ದೂರು, ಮಳವಳ್ಳಿಯ ನಾಲೆ ಬಯಲಿನ ಹಳ್ಳಿಗಳಲ್ಲಿ ಎಷ್ಟೋ ಮನೆಯ ನಡುಮನೆ ಗೋಡೆಯಲ್ಲಿ ಅವರ ಫೋಟೋ ದೇವರ ಫೋಟೋಗಳ ಸಾಲಿನಲ್ಲೇ ಇರುತ್ತದೆ. ಆಸ್ಥಾನದಲ್ಲಿ ವೀಣೆ ಶೇಷಣ್ಣನವರನ್ನು, ವಾಸುದೇವಾಚಾರ್ಯರನ್ನು ಸಾಕಿದವರೆಂದು ಪೇಟೆಯವರು ನೆನೆಯುತ್ತಾರೆ. ಗದ್ದೆಯವರು ನೆನೆಯುವುದು ನೀರಿಗೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಅರಮನೆಯ ಒಡವೆ ಮಾರಿ ಕಟ್ಟೆ ಕಟ್ಟಿಸಿದರು ಎಂದು ಹೇಳದ ಅಜ್ಜಿ ನಮ್ಮ ಸೀಮೆಯಲ್ಲಿಲ್ಲ. ಕಟ್ಟೆಯಿಂದ ನಾಲೆ ಬಂತು, ನಾಲೆಯಿಂದ ಕಬ್ಬು ಬಂತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ರಾಗಿ ತಿನ್ನುತ್ತಿದ್ದವರು ಅನ್ನ ತಿಂದರು. ಇದರಲ್ಲೊಂದು ತಮಾಷೆಯೂ ಉಂಟು. ಆ ನಾಲೆಗೆ ಮೊದಲು ಇಟ್ಟ ಹೆಸರು ಇರ್ವಿನ್ ನಾಲೆ. ಅಗೆದವರು ಕೂಲಿಯವರು, ಅಗೆಸಿದವರು ಮಹಾರಾಜರು, ಹೆಸರು ದಿಲ್ಲಿಯಲ್ಲಿದ್ದ ವೈಸರಾಯರದು. ದೊರೆಗೂ ಕರಪತ್ರದ ಮೇಲ್ಗಡೆ ಒಂದು ಹೆಸರು ಹಾಕಿಸುವ ಕಷ್ಟ ಇತ್ತು. ವೈಸರಾಯರ ಹೆಸರು ಅಳಿಸಿ ಅದು ವಿಶ್ವೇಶ್ವರಯ್ಯ ನಾಲೆಯಾದದ್ದು ಆಮೇಲೆ.

ಇಷ್ಟೆಲ್ಲ ಪಡೆದ ಸೀಮೆಯ ಜನ, ನಾಲೆಯ ನೀರು ಹೊಸದಾಗಿದ್ದ ದಿನಗಳಲ್ಲೇ, ಶಿವಪುರದಲ್ಲಿ ಆ ದೊರೆಯ ಸರ್ಕಾರದ ಆಜ್ಞೆ ಮುರಿದರು. ನನಗೆ ಶಿವಪುರ ಎಂದರೆ ಬಿಡಿಸಲಾಗದ ಗಂಟಾಗಿ ಉಳಿದಿರುವುದು ಇದಕ್ಕೇ.

1937ರಲ್ಲಿ ಮೈಸೂರು ಸಂಸ್ಥಾನದ ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ಸೇರಿತು. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನವನ್ನು 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಮಾಡಬೇಕೆಂದು ಗೊತ್ತಾಯಿತು. ಟಿ. ಸಿದ್ಧಲಿಂಗಯ್ಯನವರು ಅಧ್ಯಕ್ಷರು. ಕಾಂಗ್ರೆಸ್ ಬಾವುಟ ಹಾರಿಸಕೂಡದೆಂದು ಸರ್ಕಾರ ನಿಷೇಧ ಹೊರಡಿಸಿತು. ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮೈಸೂರು ಸಂಸ್ಥಾನದಲ್ಲಿ ಗಂಡಭೇರುಂಡದ ಬಾವುಟ ಇರುವಾಗ ಇನ್ನೊಂದೇಕೆ ಎನ್ನುವುದು ಸರ್ಕಾರದ ಮಾತು. ಸಿದ್ಧಲಿಂಗಯ್ಯನವರು ಬಾವುಟ ಹಾರಿಸಿದರು, ಬಂಧನಕ್ಕೊಳಗಾದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಶಿಂಷಾ ನದಿಯ ಆಸುಪಾಸಿನ ಆ ಬಯಲಿಗೆ ಹಳ್ಳಿಗಳಿಂದ ಜನ ಗಾಡಿ ಕಟ್ಟಿಕೊಂಡು, ನಡೆದುಕೊಂಡು ಬಂದರು. ಅಷ್ಟು ಜನ ಸೇರಬೇಕಾದರೆ ಯಾರೋ ನೆಲ ಬಿಡಬೇಕು, ಯಾರೋ ಚಪ್ಪರಕ್ಕೆ ಗಳ ಕೊಡಬೇಕು, ಯಾರೋ ಬಾವಿಗೆ ಹಗ್ಗ ಬಿಡಬೇಕು, ಯಾರದೋ ಮನೆಯಲ್ಲಿ ದೊಡ್ಡ ಪಾತ್ರೆ ಒಲೆಯೇರಬೇಕು. ಅರಮನೆಯನ್ನು ಎದುರುಹಾಕಿಕೊಂಡ ಸಭೆಗೆ ನೀರು ಹೊಯ್ದವರಿಗೆ ಮಾನ್ಯವೂ ಇಲ್ಲ, ಉಂಬಳಿಯೂ ಇಲ್ಲ. ಬಂದರೆ ಪೊಲೀಸರು ಬರಬೇಕು.

ಎರಡು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ 25ರಂದು, ಆಗಿನ ಕೋಲಾರ ಸೀಮೆಯ ವಿದುರಾಶ್ವತ್ಥದಲ್ಲಿ ಇದೇ ಬಾವುಟದ ವಿಚಾರಕ್ಕೆ ಗೋಲಿಬಾರ್ ಆಗಿ ಜನ ಸತ್ತರು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬಂದು ದಿವಾನರೊಂದಿಗೆ ಮಾತಾಡಿದ ಮೇಲೆ ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದೆಂದು ಒಪ್ಪಂದವಾಯಿತು.

ಸತ್ಯಾಗ್ರಹಿಗಳು ಅಂದು ಕೇಳುತ್ತಿದ್ದುದರ ಒಕ್ಕಣೆ ನೋಡಿದರೆ ಗಂಟು ಇನ್ನೂ ಬಿಗಿಯಾಗುತ್ತದೆ. ಮಹಾರಾಜರು ಇಳಿಯಲಿ ಎಂದು ಅವರು ಕೇಳಲಿಲ್ಲ. ಮಹಾರಾಜರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ ಬೇಕೆಂದರು. ಮಂತ್ರಿಗಳು ನಮಗೆ ಉತ್ತರ ಹೇಳುವವರಾಗಿರಲಿ, ಮೇಲೆ ನೀವೇ ಇರಿ ಎಂದ ಹಾಗಾಯಿತು. ಇತಿಹಾಸ ಬರೆಯುವವರು ಇದನ್ನು ಹೆದರಿಕೆ ಎನ್ನಲಿ, ಲೆಕ್ಕಾಚಾರ ಎನ್ನಲಿ. ನನಗೆ ನಮ್ಮ ನಾಟಕದ ಕರಪತ್ರವೇ ಕಾಣುತ್ತದೆ. ಮೇಲೆ ಹೆಸರು ದೊರೆಯದು, ಕೆಳಗೆ ಆಡುವವರು ನಾವು, ಖರ್ಚೂ ನಮ್ಮದೇ. ಆದರೆ ಅವರು ಬೇಡಿದ್ದು ಎಂಥದ್ದು! ನಾಲೆ ಕೇಳಿದರೆ ದೊರೆ ಕೊಡಬಲ್ಲ, ಶಾಲೆ ಕೇಳಿದರೆ ಕೊಡಬಲ್ಲ, ಕೊಟ್ಟಷ್ಟೂ ದೊಡ್ಡವನಾಗುತ್ತಾನೆ. ಅಧಿಕಾರ ಕೇಳಿದರೆ ಕೊಟ್ಟಷ್ಟೂ ಚಿಕ್ಕವನಾಗಬೇಕು. ಮಣಲೇರ ನಾಯಿಗೆ ಕಲ್ಲು ನಡಿಸಿದ ತಾಲ್ಲೂಕಿನಲ್ಲೇ ಹೀಗೆ ಕೇಳಿದ್ದು ಕಾಕತಾಳೀಯವೇ ಇರಬಹುದು, ನನಗೆ ಮಾತ್ರ ಹೇಳಿಕೊಂಡು ತಿರುಗಲು ಖುಷಿ.

ನಾಲ್ವಡಿಯವರು 1940ರಲ್ಲಿ ತೀರಿಕೊಂಡರು. ಜವಾಬ್ದಾರಿ ಸರ್ಕಾರ ಜಯಚಾಮರಾಜ ಒಡೆಯರಿಂದ ದೊರಕಿದ್ದು 1947ರ ಅಕ್ಟೋಬರಿನಲ್ಲಿ, ಮೈಸೂರು ಚಲೋ ಚಳವಳಿ ಆದ ಮೇಲೆ. ಕೆ.ಸಿ. ರೆಡ್ಡಿಯವರ ಮೊದಲ ಮಂತ್ರಿಮಂಡಲ ಬಂತು. ಶಿವಪುರದಲ್ಲಿ ಈಗ ಸತ್ಯಾಗ್ರಹ ಸೌಧ ಇದೆ. ಬಾವುಟ ಹಾರಿಸಿದವರ ಊರಿನಲ್ಲೂ ನಡುಮನೆಯ ಗೋಡೆಯಿಂದ ಮಹಾರಾಜರ ಫೋಟೋ ಯಾರೂ ಇಳಿಸಲಿಲ್ಲ. ಎರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳಲು ನಮ್ಮವರಿಗೆ ಎಳ್ಳಷ್ಟೂ ತೊಂದರೆಯಾದಂತಿಲ್ಲ.

ದೊರೆ ಹೋದ ಮೇಲೆ ದೊರೆತನ ಎಲ್ಲಿಗೆ ಹೋಯಿತು? ಚೂರು ಚೂರಾಗಿ ಲೆಟರ್‌ಹೆಡ್ಡಿನ ಮೇಲೆ ಕೂತಿತು. ನನಗೆ ಹಾಸ್ಟೆಲ್ ಸೀಟು ಬೇಕಾದಾಗ ಅಪ್ಪ ಒಬ್ಬ ಜನಪ್ರತಿನಿಧಿಗಳ ಮನೆಗೆ ಕರೆದುಕೊಂಡು ಹೋಗಿದ್ದರು. ಬೆಳಗ್ಗೆ ಏಳಕ್ಕೇ ಅಂಗಳ ತುಂಬಿತ್ತು. ವರ್ಗಾವಣೆಯ ಮೇಷ್ಟ್ರು, ಪೆನ್ಷನ್ನಿನ ಅಜ್ಜಿ, ಕೊಳವೆಬಾವಿಯ ಗಂಗಾಕಲ್ಯಾಣದವರು. ಒಳಗಿಂದ ಬಂದ ಪಿ.ಎ. ಒಬ್ಬೊಬ್ಬರನ್ನೇ “ಯಾವೂರು? ಯಾರ ಕಡೆಯೋರು?” ಎಂದು ಕೇಳುತ್ತ ಬಂದ. ಏನು ಬೇಕು ಎನ್ನುವುದು ಮೂರನೇ ಪ್ರಶ್ನೆ. ನಮಗೂ ಒಂದು ಶಿಫಾರಸು ಪತ್ರ ಸಿಕ್ಕಿತು, ಎಲ್ಲರಿಗೂ ಸಿಕ್ಕ ಹಾಗೆ. ಆಚೆ ಬಂದಾಗ ಪಳಗಿದ ಒಬ್ಬರು ಅಪ್ಪನ ಕಿವಿಯಲ್ಲಿ ಹೇಳಿದರು, “ಲೆಟ್ರು ಎಲ್ರುಗೂ ಕೊಡ್ತರೆ ಗೌಡ್ರೆ, ಕೆಲ್ಸ ಆಗೋದು ಫೋನ್ ಮಾಡುದ್ರೆ.” ಫೋನ್ ಯಾರೂ ಮಾಡಿದಂತೆ ಕಾಣಲಿಲ್ಲ. ಮಾರ್ಕ್ಸ್ ಪಟ್ಟಿಯಲ್ಲಿ ನನ್ನ ಹೆಸರು ಮೇಲೇ ಇದ್ದುದರಿಂದ ಸೀಟು ಸಿಕ್ಕಿತು.

ಮುಂದೆ ಒಂದು ಮದುವೆಮನೆಯಲ್ಲಿ ಆ ಜನಪ್ರತಿನಿಧಿಗಳು ನನ್ನ ಬೆನ್ನು ತಟ್ಟಿ ಪಕ್ಕದವರಿಗೆ ಹೇಳಿದರು, “ನಮ್ ಹುಡ್ಗ. ನಾನೇ ಹಾಸ್ಟೆಲ್ ಸೇರ್ಸಿದ್ದು.” ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಅಪ್ಪ ಕೈಮುಗಿದು, ಎಲ್ಲ ನಿಮ್ಮ ಆಶೀರ್ವಾದ ಅಂದರು. ದಾರಿಯಲ್ಲಿ ನಾನು ಸಿಡುಕಿದೆ. “ನಿಂಗೇನ್ಲಾ ಕಳೀತು?” ಎಂದರು ಅಪ್ಪ. “ಅವ್ರುಗೂ ಒಂದು ಒಳ್ಳೇದ್ ಮಾಡ್ದೆ ಅಂತ ಇರ್ಲಿ ಬುಡು.” ಅಪ್ಪನ ಮಾತಿನಲ್ಲಿ ದೈನ್ಯ ಇತ್ತೆಂದು ಆಗ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅಂದು ಕೊಟ್ಟವರು ಅಪ್ಪ, ಪಡೆದವರು ಅವರು. ಎರಡು ಎಕರೆಯ ರೈತನೊಬ್ಬ ಜನಪ್ರತಿನಿಧಿಯೊಬ್ಬರನ್ನು ಪೋಷಕರ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡ.

ಫ್ಲೆಕ್ಸುಗಳಲ್ಲೂ ಇದೇ ನಡೆಯುತ್ತದೆ. ನಾಯಕರ ಹುಟ್ಟುಹಬ್ಬಕ್ಕೆ ಶಿವಪುರದ ರಸ್ತೆ ಬದಿ ಕಟ್ಟುವ ಫ್ಲೆಕ್ಸಿನಲ್ಲಿ ನಾಯಕರು ಆಳೆತ್ತರ, ಎರಡನೇ ಸಾಲಿನವರು ಮೊಣಕಾಲೆತ್ತರ, ಅಂಚಿನಲ್ಲಿ ಸ್ಟಾಂಪು ಗಾತ್ರದಲ್ಲಿ ತಂಪು ಕನ್ನಡಕ ಹಾಕಿದ ಹುಡುಗರು. ಪ್ರಿಂಟಿಂಗ್ ದುಡ್ಡು ಹೊಂದಿಸಿದವರು ಆ ಸ್ಟಾಂಪುಗಳು. ನಮ್ಮ ತಾಲ್ಲೂಕಿನ ದೊಡ್ಡರಸಿನಕೆರೆಯ ನಟ, ರಾಜಕಾರಣಿ ಅಂಬರೀಶ್ ಇದಕ್ಕೆ ಸ್ವಲ್ಪ ಹೊರತಾಗಿದ್ದರು. ಕೊಡುಗೈಯೆಂದು ಅವರನ್ನು ಜನ ಕಲಿಯುಗ ಕರ್ಣ ಅಂದರು. ಬೈದು ಕೊಡುತ್ತಿದ್ದರು, ಬೈಸಿಕೊಂಡವರು ಅದನ್ನೂ ಪ್ರಸಾದದ ಹಾಗೆ ಹೇಳಿಕೊಳ್ಳುತ್ತಿದ್ದರು. ಆ ಬಿರುದು ಮಂಡ್ಯದಲ್ಲಿ ಅಂಟಿದ ಹಾಗೆ ಇನ್ನೆಲ್ಲೂ ಅಂಟುತ್ತಿರಲಿಲ್ಲವೇನೋ. ಹಸು ಮಾರಿ ಕರ್ಣನಾಗುವವರ ಸೀಮೆಯಲ್ಲಿ ಕರ್ಣ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೊಟ್ಟಿದ್ದಕ್ಕೆ ಮಾತ್ರವಲ್ಲ, ಉಂಡ ಉಪ್ಪಿಗೆ ಪ್ರಾಣ ಬಿಟ್ಟಿದ್ದಕ್ಕೂ ಇಲ್ಲಿ ಕರ್ಣನಿಗೇ ಶಿಳ್ಳೆ ಹೆಚ್ಚು. ದುರ್ಯೋಧನನ ಪಕ್ಷ ತಪ್ಪು ಎಂದು ಎಲ್ಲರಿಗೂ ಗೊತ್ತು. ಆದರೆ ಅಂಗರಾಜ್ಯ ಕೊಟ್ಟವನನ್ನು ಬಿಟ್ಟು ಬರಲಿಲ್ಲವಲ್ಲ ಎಂದು ಚಾಪೆಯ ಮೇಲಿನ ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾರೆ. ಈ ಕಣ್ಣೀರನ್ನು ನಮ್ಮ ರಾಜಕಾರಣಿಗಳು ಚೆನ್ನಾಗಿ ಬಲ್ಲರು.

ಅಂಗಡಿಯವರ ಪೋಷಣೆ ಇದಕ್ಕಿಂತ ಹಗುರ. ‘ಗ್ರಾಹಕರೇ ದೇವರು’ ಎಂದು ಬೋರ್ಡು ಹಾಕುತ್ತಾರೆ, ಪಕ್ಕದಲ್ಲೇ ‘ಸಾಲ ಕೇಳಬೇಡಿ’ ಎಂದೂ ಹಾಕುತ್ತಾರೆ. ಮದ್ದೂರು ವಡೆ 1917ರಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ರಾಮಚಂದ್ರ ಬುಧ್ಯ ಅವರ ಕೈಯಲ್ಲಿ ಹುಟ್ಟಿತು ಎನ್ನುತ್ತಾರೆ. ರೈಲು ಬೇಗ ಬಂತು, ಪಕೋಡ ಕರಿಯಲು ಹೊತ್ತಿರಲಿಲ್ಲ, ಇದ್ದ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಬಿಟ್ಟರು ಎನ್ನುವ ಕಥೆ ಊರಿನಲ್ಲಿ ಎಲ್ಲರ ಬಾಯಲ್ಲಿದೆ. ರೈಲಿನವರು ಕೈಹಿಡಿದರು, ಆಮೇಲೆ ಬಸ್ಸಿನವರು, ಆಮೇಲೆ ಕಾರಿನವರು. 2023ರ ಮಾರ್ಚಿನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ ಗಾಡಿಗಳು ಮದ್ದೂರನ್ನು ಮುಟ್ಟದೆ ಹಾರಿಹೋಗತೊಡಗಿದಾಗ ಹಳೇ ರಸ್ತೆಯ ಹೋಟೆಲಿನವರಿಗೆ ಏಟು ಬಿತ್ತು. ದೊರೆ ಮುನಿದರೆ ಹೋಗಿ ಕಾಲು ಹಿಡಿಯಬಹುದು. ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗುವ ಗಿರಾಕಿಯ ಕಾಲು ಹಿಡಿಯುವುದು ಹೇಗೆ? ಅವನು ಮುನಿದೂ ಇಲ್ಲ, ಅವನಿಗೆ ನೀವು ಇದ್ದದ್ದೇ ಗೊತ್ತಿಲ್ಲ.

ಬೇಡುವುದನ್ನೇ ಹಕ್ಕು ಮಾಡಿಕೊಂಡವರು ನಮ್ಮ ನೀಲಗಾರರು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ನೆಲೆ. ಅಲ್ಲಿಗೆ ನಡೆದುಕೊಳ್ಳುವ ಮನೆಗಳು ಮಠದ ಒಕ್ಕಲು. ದೀಕ್ಷೆ ಪಡೆದ ನೀಲಗಾರರು ತಂಬೂರಿ ಹಿಡಿದು ಕಾವ್ಯ ಹಾಡುತ್ತ ಒಕ್ಕಲು ಮನೆಗಳಿಗೆ ಬರುತ್ತಾರೆ. ಅವರು ಹಾಡುವ ಕಥೆಯಲ್ಲಿ ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿ ಹಲಗೂರಿನ ಕಬ್ಬಿಣದ ಕಸುಬಿನ ಪಾಂಚಾಳರ ಹತ್ತಿರ ಹೋಗಿ ಕಬ್ಬಿಣದ ಭಿಕ್ಷೆ ಕೇಳುತ್ತಾನೆ. ಹಲಗೂರು ಇದೇ ಮಳವಳ್ಳಿ ತಾಲ್ಲೂಕಿನದು. ಪಾಂಚಾಳರು ಇದ್ದ ಕಬ್ಬಿಣವನ್ನು ಇಲ್ಲ ಎನ್ನುತ್ತಾರೆ, ಪರೀಕ್ಷೆಗಳನ್ನು ಒಡ್ಡುತ್ತಾರೆ, ಹಿಂಸೆ ಕೊಡುತ್ತಾರೆ. ಅವನು ಒಂದೊಂದನ್ನೂ ಗೆದ್ದು ಅವರೇ ಶರಣಾಗುವ ತನಕ ಹಲಗೂರು ಬಿಡುವುದಿಲ್ಲ. ಕೊಡದೇ ಇರುವ ಸ್ವಾತಂತ್ರ್ಯ ಆ ಪೋಷಕರಿಗೆ ಇಲ್ಲ. ಈ ಕಥೆಯನ್ನು ರಾತ್ರಿಯಿಡೀ ಕೇಳಿದ ಮನೆಯವರು ಬೆಳಗ್ಗೆ ಮೊರದಲ್ಲಿ ರಾಗಿ ತರುವಾಗ ಅಳತೆಯಲ್ಲಿ ಜಿಪುಣತನ ತೋರಿಸುವುದಾದರೂ ಹೇಗೆ?

ನಮ್ಮ ಮನೆಗೆ ಬರುತ್ತಿದ್ದ ನೀಲಗಾರ ಅಯ್ಯನವರು ತಗಡಿನ ಪೆಟ್ಟಿಗೆಯಲ್ಲಿ ಒಂದು ಪುಸ್ತಕ ಇಟ್ಟುಕೊಂಡಿದ್ದರು. ಯಾವ ಊರಲ್ಲಿ ಯಾವ ಯಾವ ಮನೆ, ಮನೆಯ ಹಿರಿಯನ ಹೆಸರು, ಎಷ್ಟು ಗಂಡುಮಕ್ಕಳು ಬೇರೆಯಾದರು, ಬೇರೆಯಾದ ಮೇಲೆ ಯಾರ ಪಾಲಿಗೆ ಯಾವ ವರ್ಷದ ಪಡಿ ಎಲ್ಲ ಅದರಲ್ಲಿತ್ತು. ಗ್ರಾಮಲೆಕ್ಕಿಗರ ಪುಸ್ತಕ ತಪ್ಪಬಹುದು, ಅದು ತಪ್ಪುತ್ತಿರಲಿಲ್ಲ. ಅಪ್ಪ ತೀರಿಕೊಂಡು ನಾನು ಅವ್ವನನ್ನು ಕರೆದುಕೊಂಡು ಬೆಂಗಳೂರು ಸೇರಿದ ಮೇಲೆ ಊರಿನ ಮನೆಗೆ ಬೀಗ ಬಿತ್ತು. ನಮ್ಮ ಹೆಸರು ಆ ಪುಸ್ತಕದಿಂದ ಹೊರಟೇ ಹೋಯಿತು ಎಂದುಕೊಂಡಿದ್ದೆ.

ಹೋದ ವರ್ಷ ಒಂದು ಬೆಳಗ್ಗೆ ಅಪಾರ್ಟ್‌ಮೆಂಟಿನ ಗೇಟಿನಿಂದ ಸೆಕ್ಯುರಿಟಿಯವನು ಫೋನ್ ಮಾಡಿದ. ಯಾರೋ ಜೋಳಿಗೆಯವರು ಬಂದಿದ್ದಾರೆ, ವಿಸಿಟರ್ ಪುಸ್ತಕದಲ್ಲಿ ಬಂದ ಉದ್ದೇಶ ಏನೆಂದು ಬರೆಯಲಿ ಅಂದರೆ ‘ನಮ್ಮ ಒಕ್ಕಲು’ ಅಂತ ಬರೀ ಅಂತಾರೆ ಸಾರ್, ಒಳಗೆ ಬಿಡಲಾ ಎಂದ. ಬಂದವರು ಹಳೇ ಅಯ್ಯನವರ ಮಗ. ವಿಳಾಸ ಮಾವನ ಹತ್ತಿರ ಇಸಿದುಕೊಂಡಿದ್ದರು. ಲಿಫ್ಟಿನಿಂದ ಇಳಿದವರೇ ಅವ್ವನ ಕೈಗೆ ಮಠದ ಬೂದಿ ಧೂಳ್ತ ಕೊಟ್ಟು, ಸೋಫಾ ಬಿಟ್ಟು ನೆಲದ ಮೇಲೆ ಕೂತು ತಂಬೂರಿ ಶ್ರುತಿ ಮಾಡಿಕೊಂಡರು. ಪಕ್ಕದ ಫ್ಲಾಟಿನವರು ಬಾಗಿಲು ತೆಗೆದು ನೋಡಿ ಮತ್ತೆ ಹಾಕಿಕೊಂಡರು. ಅರ್ಧ ಗಂಟೆ ಹಾಡಿದ ಮೇಲೆ ಅವ್ವ ಒಳಗಿನಿಂದ ಐನೂರು ರೂಪಾಯಿ ತಂದು ಮೊರ ಇಲ್ಲವಲ್ಲ ಎಂದು ಸ್ಟೀಲ್ ತಟ್ಟೆಯಲ್ಲಿಟ್ಟು ಕೊಟ್ಟಳು. ಅವರು ನೋಟನ್ನು ನೋಡಿ, ಜೋಳಿಗೆಯಿಂದ ಅದೇ ಪುಸ್ತಕ ತೆಗೆದರು. ಹೊಸ ರಟ್ಟು ಹಾಕಿಸಿದ್ದರು.

“ನಾಕ್ ವರ್ಸದ್ದು ಬಾಕಿ ಐತೆ ಕಣವ್ವ,” ಎಂದರು. “ಈ ಸರ್ತಿ ಬಸ್ ಚಾರ್ಜೂ ಸೇರ್ಸಿ.”